ಜಲಾಶಯದಲ್ಲಿ ಮೂರು ಕಿಲೊ ಸಕ್ಕರೆ

ತುಂಗಭದ್ರಾ ಜಲಾಶಯ ಭರ್ತಿಯಾದರೆ 105.788 ಟಿಎಂಸಿ. ರಾಯಚೂರು ಸೀಮೆಯಲ್ಲಿ ಈ ಅಂಕಿಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎಡದಂಡೆ ಕಾಲುವೆ 227 ಕಿಲೊಮೀಟರ್ ಹರಿದು ಬರುವಷ್ಟರಲ್ಲಿ ಕೊನೆಭಾಗದ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳಿಗೆ ಎಷ್ಟು ಉಳಿದೀತು ಎಂಬುದರ ಮೇಲೆ ಇಲ್ಲಿನ ಭತ್ತದ ನಾಟಿ ನಿಂತಿದೆ. ‘ಮೈಲ್ 104ರಾಗ ಗೇಜ್ ಎಷ್ಟದ?’ ಎಂದು ಕೇಳಿಯೇ ಚಹಾ ಹೇಳುವವರಿದ್ದಾರೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ, ಇವತ್ತು ಎಷ್ಟು ಟಿಎಂಸಿ ಹೋಯಿತು ಎಂದು ಜಿಲ್ಲೆಗೆ ಜಿಲ್ಲೆಯೇ ಲೆಕ್ಕ ಹಾಕುತ್ತ ಕೂತಿತ್ತು. ದೇವದುರ್ಗದವರ ನೀರಿನ ಲೆಕ್ಕ ನಾರಾಯಣಪುರ ಬಲದಂಡೆಯದು, ಆದರೆ ಟಿಎಂಸಿ ಎಂದರೆ ಎಷ್ಟು ಎಂಬುದು ಅವರಿಗೂ ಬಾಯಿಪಾಠ.

ಈಗ ಗಿಲ್ಲೆಸುಗೂರಿನ ಯಾವುದಾದರೂ ಕಿರಾಣಿ ಅಂಗಡಿಯಲ್ಲಿ ಮೂರು ಕಿಲೊ ಸಕ್ಕರೆ ಕಟ್ಟಿಸಿಕೊಳ್ಳಿ. ಅದನ್ನು ತುಂಬಿದ ಜಲಾಶಯಕ್ಕೆ ಸುರಿದು, ಹನಿಹನಿಗೂ ಸಮನಾಗಿ ಬೆರೆಯುವ ಹಾಗೆ ಕಲಕಿ. ಹೇಗೆ ಕಲಕಬೇಕು ಎಂದು ಮಾತ್ರ ಕೇಳಬೇಡಿ. ಆಮೇಲೆ ಎಲ್ಲಿಂದಲಾದರೂ ಒಂದು ಮಿಲಿಲೀಟರ್ ನೀರು ತೆಗೆದರೆ ಅದರಲ್ಲಿರುವ ಸಕ್ಕರೆ ಒಂದು ಪಿಕೊಗ್ರಾಂ, ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲು.

ಫುಟ್‌ಬಾಲ್ ಆಟಗಾರನ ಮೂತ್ರದಲ್ಲಿ ಒಂದು ಮಿಲಿಲೀಟರಿಗೆ ಇಷ್ಟೇ ಇಷ್ಟು ಮದ್ದು ಇದ್ದರೂ ಹಿಡಿಯುವ ಯಂತ್ರ ಪ್ರಯೋಗಾಲಯಗಳಲ್ಲಿದೆ. ಇದು ಬರೀ ಪುಸ್ತಕದ ಮಾತಲ್ಲ, ಹಿಡಿದದ್ದೂ ಆಗಿದೆ.

2011ರಲ್ಲಿ ಮೆಕ್ಸಿಕೊ ದೇಶದಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ನಡೆಯಿತು. 24 ದೇಶಗಳ ಹುಡುಗರು ಬಂದಿದ್ದರು. ಒಟ್ಟು 208 ಮೂತ್ರದ ಮಾದರಿಗಳನ್ನು ಪರೀಕ್ಷಿಸಿದರು. 109ರಲ್ಲಿ ಕ್ಲೆನ್‌ಬ್ಯುಟೆರಾಲ್ ಸಿಕ್ಕಿತು. ಕೆಲವು ದೇಶಗಳಲ್ಲಿ ಉಬ್ಬಸಕ್ಕೆ ಕೊಡುವ ಈ ಮದ್ದು ಕೊಬ್ಬು ಕರಗಿಸಿ ಮಾಂಸಖಂಡ ಉಳಿಸುತ್ತದೆ ಎಂದು ಕ್ರೀಡೆಯಲ್ಲಿ ನಿಷೇಧ. ಅರ್ಧಕ್ಕಿಂತ ಹೆಚ್ಚು ಮಾದರಿಗಳು, 19 ತಂಡಗಳು! ಪರೀಕ್ಷೆಯಲ್ಲಿ ಶುದ್ಧವಾಗಿ ಬಂದದ್ದು ಐದೇ ತಂಡ. ಸಿಕ್ಕ ಪ್ರಮಾಣ ಮಿಲಿಲೀಟರಿಗೆ 1 ಪಿಕೊಗ್ರಾಮಿನಿಂದ 1,556 ಪಿಕೊಗ್ರಾಂವರೆಗೆ. ಜಲಾಶಯದ ಲೆಕ್ಕದಲ್ಲಿ ಹೇಳುವುದಾದರೆ ಒಬ್ಬ ಹುಡುಗನದು ಮೂರು ಕಿಲೊ ಸಕ್ಕರೆ, ಇನ್ನೊಬ್ಬನದು ನಾಲ್ಕೂಮುಕ್ಕಾಲು ಟನ್ನಿಗೆ ಸ್ವಲ್ಪ ಕಡಿಮೆ.

ಪ್ರಪಂಚದ ಹದಿಹರೆಯದ ಹುಡುಗರೆಲ್ಲ ಒಟ್ಟಾಗಿ ಕಳ್ಳರಾದರೇ? ತನಿಖೆಯವರು ತಂಡಗಳು ಉಳಿದುಕೊಂಡಿದ್ದ ಹೋಟೆಲುಗಳ ಅಡುಗೆಮನೆಗೆ ಹೋದರು. 47 ಮಾಂಸದ ಮಾದರಿ ತಂದರು. 14ರಲ್ಲಿ ಅದೇ ಮದ್ದು. ದನ ಬೇಗ ಬಲಿಯಲಿ, ಮಾಂಸದಲ್ಲಿ ಕೊಬ್ಬು ಕಡಿಮೆಯಾಗಲಿ ಎಂದು ಸಾಕುವವರು ಮೇವಿನ ಜೊತೆ ತಿನ್ನಿಸಿದ್ದು, ದನದಿಂದ ತಟ್ಟೆಗೆ, ತಟ್ಟೆಯಿಂದ ಹುಡುಗರ ಮೂತ್ರಕ್ಕೆ ಬಂದಿತ್ತು. ಆ ಐದು ಶುದ್ಧ ತಂಡಗಳಲ್ಲಿ ಒಂದು ಯಾವುದು ಗೊತ್ತೇ? ಖುದ್ದು ಮೆಕ್ಸಿಕೊ. ಕೆಲವೇ ದಿನ ಮೊದಲು ಅವರ ಹಿರಿಯರ ತಂಡದ ಐವರು ಇದೇ ಮದ್ದಿಗೆ ಸಿಕ್ಕಿಬಿದ್ದಿದ್ದರಿಂದ ಹುಡುಗರಿಗೆ ಮಾಂಸ ಬಿಡಿಸಿ ಮೀನು, ತರಕಾರಿ ಹಾಕಿದ್ದರು. ಮೀನು ತಿಂದ ಹುಡುಗರೇ ಕಪ್ ಗೆದ್ದರು.

ಒಂದು ಪಿಕೊಗ್ರಾಂ ಎಂದರೆ ಏನೂ ಇಲ್ಲ ಎಂದುಕೊಳ್ಳಬಾರದು. ಕ್ಲೆನ್‌ಬ್ಯುಟೆರಾಲಿನ ಒಂದು ಪಿಕೊಗ್ರಾಮಿನಲ್ಲಿ ಸುಮಾರು 217 ಕೋಟಿ ಅಣುಗಳಿರುತ್ತವೆ. ಇಡೀ ಭಾರತದ ಜನಸಂಖ್ಯೆಯನ್ನು ಅಲ್ಲಿ ಕೂರಿಸಿದರೂ ಇನ್ನೂ ಎಪ್ಪತ್ತು ಕೋಟಿಯಷ್ಟು ಕುರ್ಚಿ ಖಾಲಿ ಉಳಿಯುತ್ತವೆ. ಯಂತ್ರ ಎಣಿಸುವುದು ಈ ಅಣುಗಳನ್ನು. ಮೈಗೆ ಬಂದದ್ದು ಬಿರಿಯಾನಿಯಿಂದಲೋ ಸೂಜಿಯಿಂದಲೋ ಅದಕ್ಕೆ ಗೊತ್ತಾಗುವುದಿಲ್ಲ. ಈ ಅನುಭವದ ಮೇಲೆಯೇ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, 2019ರಿಂದ ನಿಯಮ ಸಡಿಲಿಸಿತು. ಕ್ಲೆನ್‌ಬ್ಯುಟೆರಾಲ್ ಮಿಲಿಲೀಟರಿಗೆ 5 ನ್ಯಾನೊಗ್ರಾಮಿಗಿಂತ ಕಡಿಮೆ ಇದ್ದರೆ ತಕ್ಷಣ ತಪ್ಪಿತಸ್ಥ ಎನ್ನುವುದಿಲ್ಲ, ಮಾಂಸದಿಂದ ಬಂದಿತೇ ಎಂದು ವಿಚಾರಿಸುತ್ತಾರೆ. ಒಂದು ನ್ಯಾನೊಗ್ರಾಂ ಸಾವಿರ ಪಿಕೊಗ್ರಾಂ, ಹಾಗಾಗಿ 5 ನ್ಯಾನೊಗ್ರಾಂ ಎಂದರೆ ನಮ್ಮ ಜಲಾಶಯಕ್ಕೆ 15 ಟನ್ ಸಕ್ಕರೆ. ಮೂರು ಕಿಲೊ ಕಾಣುವ ಕಣ್ಣಿದೆ, 15 ಟನ್‌ವರೆಗೆ ಮಾತಾಡಿಸಿ ನೋಡುವ ತಾಳ್ಮೆಯೂ ಇದೆ. ನಡುವೆ ಗೆರೆ ಎಲ್ಲಿ ಎಳೆಯಬೇಕು ಎಂದು ತೀರ್ಮಾನಿಸುವವರು ಮನುಷ್ಯರು, ಸಮಿತಿಗಳಲ್ಲಿ ಕೂತವರು. ಫುಟ್‌ಬಾಲಿನ ಸುತ್ತ ಹಬ್ಬಿರುವ ಅನುಮಾನಕ್ಕೂ ಯಂತ್ರದ ಕಣ್ಣಿಗೂ ಸಂಬಂಧವಿಲ್ಲ ಎಂದು ನನಗೆ ಅನ್ನಿಸುವುದು ಇದಕ್ಕೇ. ಕಣ್ಣು ಚುರುಕಾಗಿದೆ. ಯಾರ ಕಡೆ, ಯಾವಾಗ ತಿರುಗಿಸುತ್ತಾರೆ ಎಂಬುದರಲ್ಲಿ ಎಲ್ಲ ಇದೆ.

ಮಾದರಿ ಕೊಡುವುದೂ ಸಣ್ಣ ಕೆಲಸವಲ್ಲ. ಪಂದ್ಯ ಮುಗಿಯುತ್ತಿದ್ದ ಹಾಗೆ ಒಬ್ಬ ಬಂದು ಆಟಗಾರನ ಪಕ್ಕ ನಿಲ್ಲುತ್ತಾನೆ, ಆಮೇಲೆ ಅವನ ಕಣ್ಣು ತಪ್ಪಿಸುವ ಹಾಗಿಲ್ಲ. ತೊಂಬತ್ತು ನಿಮಿಷದಲ್ಲಿ ಹತ್ತು, ಹನ್ನೆರಡು ಕಿಲೊಮೀಟರ್ ಓಡಿ ಮೈಯ ನೀರೆಲ್ಲ ಬೆವರಾಗಿ ಹೋದವನಿಗೆ ಮೂತ್ರ ಬರಬೇಕಲ್ಲ! ಬಾಟಲಿ ಮೇಲೆ ಬಾಟಲಿ ನೀರು ಕುಡಿಯುತ್ತ ಕೂರುತ್ತಾನೆ. ತಂಡದ ಬಸ್ಸು ಹೊರಗೆ ಕಾಯುತ್ತದೆ. ಕೊನೆಗೆ ಹೋಗುವಾಗಲೂ ಒಬ್ಬ ಎದುರಿಗೆ ನಿಂತು, ಮೂತ್ರ ಮೈಯಿಂದಲೇ ಬರುತ್ತಿದೆಯೇ ಎಂದು ನೇರ ನೋಡುತ್ತಾನೆ. ಅಂಗಿ ಎದೆಯವರೆಗೆ ಎತ್ತಿರಬೇಕು. ಕನಿಷ್ಠ 90 ಮಿಲಿಲೀಟರ್ ಬೇಕು. ಅದರಲ್ಲಿ ‘ಎ’ ಬಾಟಲಿಗೆ 60, ‘ಬಿ’ ಬಾಟಲಿಗೆ 30. ಸುರಿಯುವವನು ಸಾಮಾನ್ಯವಾಗಿ ಆಟಗಾರನೇ. ಮುಚ್ಚಳ ತಿರುಗಿಸಿದರೆ ಕಟಕಟ ಎಂದು ಹಲ್ಲು ಕಚ್ಚಿಕೊಂಡು ಕೂರುತ್ತದೆ, ಒಡೆಯದೆ ತೆಗೆಯಲಾಗದು. ಮೂತ್ರ ತೀರ ತಿಳಿಯಾಗಿದ್ದರೆ, ಅಂದರೆ ಬರೀ ನೀರಿನಂತಿದ್ದರೆ, ಮತ್ತೆ ಮೊದಲಿನಿಂದ. ಈ ಬಾಟಲಿಗಳನ್ನು ಹತ್ತು ವರ್ಷದವರೆಗೆ ಇಟ್ಟು, ಹೊಸ ಯಂತ್ರ ಬಂದಾಗ ತೆಗೆದು ನೋಡಬಹುದು.

ಜಗತ್ತಿನಾದ್ಯಂತ ಫುಟ್‌ಬಾಲಿನಲ್ಲಿ ವರ್ಷಕ್ಕೆ 30,000ಕ್ಕೂ ಹೆಚ್ಚು ಮಾದರಿಗಳನ್ನು ಹೀಗೆ ತೆಗೆಯುತ್ತಾರೆ. ಸಿಕ್ಕಿಬೀಳುವುದು ಸಾವಿರಕ್ಕೆ ಐದಾರು ದಾಟುವುದಿಲ್ಲ. 2018ರ ರಷ್ಯಾ ವಿಶ್ವಕಪ್ಪಿಗಾಗಿ ವಿಶ್ವ ಫುಟ್‌ಬಾಲ್ ಮಂಡಳಿ ಫಿಫಾ 2,037 ಪರೀಕ್ಷೆ ನಡೆಸಿ 3,985 ಮಾದರಿ ಪಡೆದೆವು ಎಂದು ಹೇಳಿತು. ತಪ್ಪಿತಸ್ಥರು: ಸೊನ್ನೆ. ಪುರುಷರ ವಿಶ್ವಕಪ್‌ನಲ್ಲಿ 1966ರಿಂದ ಪರೀಕ್ಷೆ ಇದೆ. 1974ರಲ್ಲಿ ಹೈಟಿಯ ಜೀನ್-ಜೋಸೆಫ್, 1978ರಲ್ಲಿ ಸ್ಕಾಟ್ಲೆಂಡಿನ ವಿಲ್ಲಿ ಜಾನ್‌ಸ್ಟನ್, 1994ರಲ್ಲಿ ಎಫೆಡ್ರಿನ್ ಗುಂಪಿನ ಮದ್ದಿಗೆ ಡಿಯಾಗೊ ಮರಡೋನಾ. ಒಂದೆರಡು ಸಣ್ಣಪುಟ್ಟ ಪ್ರಕರಣ ಸೇರಿಸಿದರೂ ಒಂದು ಕೈಯ ಬೆರಳು ಸಾಕು. ಮರಡೋನಾನ ನಂತರ ಪುರುಷರ ವಿಶ್ವಕಪ್ ಅಂಗಳದಲ್ಲಿ ಒಬ್ಬನೂ ಸಿಕ್ಕಿಲ್ಲ. ಮಹಿಳೆಯರಲ್ಲಿ 2011ರಲ್ಲಿ ಉತ್ತರ ಕೊರಿಯಾದ ಐವರು ಸ್ಟೆರಾಯ್ಡ್‌ಗೆ ಸಿಕ್ಕಿದರು. ಅಭ್ಯಾಸದ ವೇಳೆ ಸಿಡಿಲು ಬಡಿದಿತ್ತು, ಚೇತರಿಸಿಕೊಳ್ಳಲಿ ಎಂದು ಕಸ್ತೂರಿ ಮೃಗದ ಗ್ರಂಥಿಯ ನಾಟಿ ಔಷಧ ಕೊಟ್ಟೆವು ಎಂದರು ಆ ದೇಶದವರು. ಫಿಫಾ ಒಪ್ಪಲಿಲ್ಲ.

ಹಾಗಾದರೆ ಫುಟ್‌ಬಾಲ್ ಶುದ್ಧವೇ? ಇಟಲಿಯ ಟ್ಯೂರಿನ್‌ಗೆ ಹೋಗೋಣ. 1998ರಲ್ಲಿ ಝ್ಡೆನೆಕ್ ಝೆಮಾನ್ ಎಂಬ ತರಬೇತುದಾರ, ಫುಟ್‌ಬಾಲ್ ಔಷಧ ಅಂಗಡಿಯಿಂದ ಹೊರಗೆ ಬರಬೇಕು ಎಂಬ ಅರ್ಥದ ಮಾತಾಡಿದ. ಸುಮ್ಮನಿರದ ರಫಾಯೆಲೆ ಗ್ವಾರಿನಿಯೆಲ್ಲೊ ಎಂಬ ಸರ್ಕಾರಿ ವಕೀಲ ತನಿಖೆಗೆ ಇಳಿದ. ಯುವೆಂಟಸ್ ಕ್ಲಬ್ಬಿನಲ್ಲಿ ಸಿಕ್ಕ ಔಷಧಗಳ ಬಗೆ 281. ಬಾಟಲಿ, ಮಾತ್ರೆಗಳ ಲೆಕ್ಕವಲ್ಲ ಇದು, ಬಗೆಗಳ ಲೆಕ್ಕ.

ಈ ಅಂಕಿಯ ಪಕ್ಕ ಇನ್ನೊಂದನ್ನು ಇಡಬೇಕು. ಭಾರತ ಸರ್ಕಾರದ ಅತ್ಯಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿ ಇದೆ. ಕ್ಷಯ, ಕ್ಯಾನ್ಸರ್, ಹಾವಿನ ಕಡಿತ, ಹೆರಿಗೆ, ಸಕ್ಕರೆ ಕಾಯಿಲೆ, ಮಲೇರಿಯಾ, ಮಕ್ಕಳ ಲಸಿಕೆ ಎಲ್ಲ ಸೇರಿ, 140 ಕೋಟಿ ಜನರ ಸಕಲ ರೋಗಗಳಿಗೆ ಇಷ್ಟಿದ್ದರೆ ಬಹುಮಟ್ಟಿಗೆ ಸಾಕು ಎಂದು ತಜ್ಞರು ಕೂತು ಮಾಡಿದ ಪಟ್ಟಿ. 2022ರ ಆವೃತ್ತಿಯಲ್ಲಿ ಅದರ ಉದ್ದ 384. ಯುವೆಂಟಸ್‌ನಲ್ಲಿ ಇಪ್ಪತ್ತೈದು, ಮೂವತ್ತು ಮಂದಿ ಆಟಗಾರರು. ಇಪ್ಪತ್ತು, ಮೂವತ್ತರ ವಯಸ್ಸಿನವರು, ಜಗತ್ತಿನಲ್ಲೇ ಗಟ್ಟಿಮುಟ್ಟು ದೇಹದವರು. ಅವರಿಗೆ 281.

ಅವುಗಳಲ್ಲಿ ಬಹುಪಾಲು ನಿಷೇಧಿತ ಪಟ್ಟಿಯಲ್ಲೇ ಇರಲಿಲ್ಲ. ನೋವಿನ ಮಾತ್ರೆ, ಹೃದಯದ ಔಷಧ, ಖಿನ್ನತೆಯ ಔಷಧ ಇಂಥವು. ಕಾಯಿಲೆ ಇಲ್ಲದವರಿಗೆ ಏಕೆ ಎಂಬುದೇ ಪ್ರಶ್ನೆಯಾಗಿತ್ತು. 2004ರ ನವೆಂಬರ್‌ನಲ್ಲಿ ಕ್ಲಬ್ಬಿನ ವೈದ್ಯ ರಿಕಾರ್ಡೊ ಅಗ್ರಿಕೊಲಾಗೆ 22 ತಿಂಗಳ ಶಿಕ್ಷೆಯಾಯಿತು. 2005ರ ಡಿಸೆಂಬರ್‌ನಲ್ಲಿ ಮೇಲ್ಮನವಿಯಲ್ಲಿ ಖುಲಾಸೆಯಾದ. 2007ರಲ್ಲಿ ಸರ್ವೋಚ್ಚ ನ್ಯಾಯಾಲಯದ ಹೊತ್ತಿಗೆ ಕಾಲಮಿತಿ ಮುಗಿದು ಪ್ರಕರಣ ಅಲ್ಲಿಗೇ ನಿಂತಿತು. ಆಟಗಾರರಲ್ಲಿ ಯಾರಿಗೂ ಶಿಕ್ಷೆಯಿಲ್ಲ, ಕಪ್ಪುಗಳು ಕಪಾಟಿನಲ್ಲೇ ಇವೆ. ಇದೇ ಗದ್ದಲದಲ್ಲಿ ಹೊರಬಿದ್ದ ಇನ್ನೊಂದು ಸಂಗತಿ: ರೋಮಿನ ಮಾನ್ಯತೆ ಪಡೆದ ಪ್ರಯೋಗಾಲಯ ಫುಟ್‌ಬಾಲಿನ ಮಾದರಿಗಳಲ್ಲಿ ಅನಾಬಾಲಿಕ್ ಸ್ಟೆರಾಯ್ಡ್ ಇದೆಯೇ ಎಂದು ನೋಡುತ್ತಲೇ ಇರಲಿಲ್ಲ. ಯಂತ್ರ ಇತ್ತು, ಬಾಟಲಿ ಇತ್ತು, ನೋಡುವ ಗೋಜಿಗೆ ಹೋಗಿರಲಿಲ್ಲ. ಪ್ರಯೋಗಾಲಯಕ್ಕೆ ಬೀಗ ಬಿತ್ತು.

ನೋಡಲು ಶುರುಮಾಡಿದ ಮೇಲೆ ಸಿಗತೊಡಗಿದರು. 2001ರಲ್ಲಿ ಇಟಲಿಯಲ್ಲಿ ಆಡುತ್ತಿದ್ದ ಎಡ್ಗರ್ ಡೇವಿಡ್ಸ್, ಯಾಪ್ ಸ್ಟಾಮ್, ಫರ್ನಾಂಡೊ ಕೌಟೊ, ಪೆಪ್ ಗ್ವಾರ್ಡಿಯೋಲಾ ಒಬ್ಬರಾದ ಮೇಲೊಬ್ಬರು ನ್ಯಾಂಡ್ರೊಲೋನ್ ಎಂಬ ಸ್ಟೆರಾಯ್ಡ್‌ಗೆ ಸಿಕ್ಕಿದರು. ಆಗಿನ ಮಿತಿ ಮಿಲಿಲೀಟರಿಗೆ 2 ನ್ಯಾನೊಗ್ರಾಂ, ಜಲಾಶಯಕ್ಕೆ ಆರು ಟನ್. ಇಂದು ಜಗತ್ತಿನ ಅತಿ ಹೆಸರಾಂತ ತರಬೇತುದಾರರಲ್ಲಿ ಒಬ್ಬನಾದ ಗ್ವಾರ್ಡಿಯೋಲಾ ನಾಲ್ಕು ತಿಂಗಳ ನಿಷೇಧ ಅನುಭವಿಸಿ, ವರ್ಷಗಟ್ಟಲೆ ಕೋರ್ಟು ಅಲೆದು, ಕೊನೆಗೆ 2009ರಲ್ಲಿ ಪೂರ್ತಿ ನಿರ್ದೋಷಿ ಎನಿಸಿಕೊಂಡ. ಅನುಮಾನ ಹೀಗೆ ಎರಡೂ ಕಡೆ ಕತ್ತರಿಸುತ್ತದೆ. ಹಿಡಿದದ್ದು ತಪ್ಪಿರಬಹುದು, ಹಿಡಿಯದೆ ಬಿಟ್ಟದ್ದೂ ಇರಬಹುದು.

ಯುರೋಪಿನ ಫುಟ್‌ಬಾಲ್ ಮಂಡಳಿ ಯುಇಎಫ್‌ಎ ತಾನೇ ಹಣ ಹಾಕಿ ಮಾಡಿಸಿದ ಒಂದು ಅಧ್ಯಯನ ಇದೆ. 2008ರಿಂದ 2013ರವರೆಗೆ 879 ಆಟಗಾರರಿಂದ ತೆಗೆದ 4,195 ಮೂತ್ರದ ಮಾದರಿಗಳನ್ನು ಮತ್ತೆ ಜೋಡಿಸಿ ನೋಡಿದರು. ಒಬ್ಬೊಬ್ಬನದು ಸರಾಸರಿ ಐದರ ಹತ್ತಿರ, ವರ್ಷಕ್ಕೆ ಒಂದು ಎಂದಿಟ್ಟುಕೊಳ್ಳಿ. 68 ಆಟಗಾರರ ಒಂದಾದರೂ ಮಾದರಿಯಲ್ಲಿ ಟೆಸ್ಟೊಸ್ಟೆರೋನ್ ಲೆಕ್ಕ ಮೇಲೆ ಹೋಗಿತ್ತು, ಅಂದರೆ ಶೇ 7.7. ಹನ್ನೊಂದು ಜನರ ತಂಡಕ್ಕೆ ಒಬ್ಬನಿಗೆ ಸ್ವಲ್ಪ ಕಡಿಮೆ. ಇದು ಉದ್ದೀಪನ ಮದ್ದಿನ ಪುರಾವೆಯಲ್ಲ, ಮಾದರಿಗಳು ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಅಳೆದಂಥವು, ದೇಹದ ಸಹಜ ಏರಿಳಿತವೂ ಇರಬಹುದು ಎಂದಿತು ಮಂಡಳಿ. ಮಾತು ಸರಿಯೇ ಇದೆ. ಆದರೆ ಆಟಗಾರರ ಹೆಸರು ಅಳಿಸಿ ಮಾಡಿದ ಅಧ್ಯಯನವಾದ್ದರಿಂದ ಆ 68 ಜನರನ್ನು ಕರೆದು ಎರಡನೇ ಸಲ ನೋಡುವುದಕ್ಕೂ ದಾರಿಯಿರಲಿಲ್ಲ.

ಸ್ಪೇನಿನ ವೈದ್ಯ ಯುಫೆಮಿಯಾನೊ ಫ್ಯುಯೆಂಟೆಸ್‌ನ ಫ್ರಿಜ್ಜುಗಳಲ್ಲಿ 2006ರಲ್ಲಿ ಪೊಲೀಸರಿಗೆ ಸಿಕ್ಕ ರಕ್ತ, ಪ್ಲಾಸ್ಮಾ ಚೀಲಗಳು 200ಕ್ಕೂ ಹೆಚ್ಚು. ಕ್ರೀಡಾಪಟುವಿನ ರಕ್ತ ತೆಗೆದಿಟ್ಟು, ಸ್ಪರ್ಧೆಯ ಹಿಂದಿನ ದಿನ ವಾಪಸು ಅವನಿಗೇ ಏರಿಸಿದರೆ ಉಸಿರು ಹೆಚ್ಚು ಹೊತ್ತು ತಡೆಯುತ್ತದೆ. ಒಂದು ಚೀಲಕ್ಕೆ 450 ಮಿಲಿಲೀಟರ್ ಹಿಡಿದರೆ 90 ಲೀಟರ್. ಮನುಷ್ಯನ ಮೈಯಲ್ಲಿರುವುದು ಐದು ಲೀಟರ್, ಅಂದರೆ ಹದಿನೆಂಟು ಮೈಗಳಷ್ಟು ರಕ್ತ ಮ್ಯಾಡ್ರಿಡ್ಡಿನ ಫ್ಲ್ಯಾಟುಗಳಲ್ಲಿ ತಣ್ಣಗೆ ಕೂತಿತ್ತು. ಹೆಸರು ಬಯಲಾದದ್ದು ಸೈಕಲ್ ಪಟುಗಳದು. 2013ರಲ್ಲಿ ಕೋರ್ಟಿನ ಕಟಕಟೆಯಲ್ಲಿ ನಿಂತು ಫ್ಯುಯೆಂಟೆಸ್, ತನ್ನ ಬಳಿ ಫುಟ್‌ಬಾಲ್ ಆಟಗಾರರೂ ಬರುತ್ತಿದ್ದರು ಎಂದ. ಯಾರು ಎಂದು ಕೋರ್ಟು ಕೇಳಲಿಲ್ಲ. ಚೀಲಗಳನ್ನು ನಾಶಪಡಿಸಿ ಎಂದು ಆದೇಶವಾಯಿತು. 2016ರಲ್ಲಿ ಮೇಲಿನ ಕೋರ್ಟು ಅದನ್ನು ತಿರುಗಿಸಿ ವಾಡಾಕ್ಕೆ ಕೊಡಿ ಎನ್ನುವ ಹೊತ್ತಿಗೆ ಹತ್ತು ವರ್ಷ ಕಳೆದು, ಕ್ರಮ ಕೈಗೊಳ್ಳುವ ಗಡುವೇ ಮುಗಿದಿತ್ತು.

ಹಣದ ಅಂತರವನ್ನೂ ನೋಡಬೇಕು. 2016ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಪಾಲ್ ಪೋಗ್ಬಾ ಒಬ್ಬನನ್ನು ಯುವೆಂಟಸ್‌ನಿಂದ ಕೊಂಡದ್ದು 10.5 ಕೋಟಿ ಯೂರೊಗೆ. ಆ ವರ್ಷ ಜಗತ್ತಿನ ಎಲ್ಲ ಕ್ರೀಡೆಗಳನ್ನೂ ಕಾಯಬೇಕಾದ ವಾಡಾದ ಇಡೀ ಬಜೆಟ್ಟು ಸುಮಾರು 3 ಕೋಟಿ ಡಾಲರ್. ಕಾವಲುಗಾರನ ಮೂರು ವರ್ಷದ ಸಂಬಳಕ್ಕಿಂತ ಒಬ್ಬ ಆಟಗಾರನ ಬೆಲೆ ಹೆಚ್ಚು. ಮುಂದೆ ಯುವೆಂಟಸ್‌ಗೇ ಮರಳಿದ ಪೋಗ್ಬಾ 2023ರ ಆಗಸ್ಟ್‌ನಲ್ಲಿ ಟೆಸ್ಟೊಸ್ಟೆರೋನ್ ಕುರುಹಿಗೆ ಸಿಕ್ಕಿಬಿದ್ದ. ಪೂರಕ ಆಹಾರದಿಂದ ಗೊತ್ತಿಲ್ಲದೆ ಬಂತು ಎಂದ. ನಾಲ್ಕು ವರ್ಷದ ನಿಷೇಧ, ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯಲ್ಲಿ 18 ತಿಂಗಳಿಗೆ ಇಳಿಯಿತು. ಸಿಕ್ಕ ದಿನ ಆತ ಮೈದಾನಕ್ಕೇ ಇಳಿದಿರಲಿಲ್ಲ, ಬದಲಿ ಆಟಗಾರರ ಬೆಂಚಿನಲ್ಲಿ ಕೂತಿದ್ದ.

ಇನ್ನು ನಮ್ಮ ಕಡೆಗೆ. ಇಲ್ಲಿ ಅಂಕಿಗಳು ಉಲ್ಟಾ ಹೊಡೆಯುತ್ತವೆ. 2024ರಲ್ಲಿ ಭಾರತದಲ್ಲಿ ಎಲ್ಲ ಕ್ರೀಡೆ ಸೇರಿ 7,113 ಮಾದರಿ ತೆಗೆದರು, 260 ಸಿಕ್ಕಿಬಿದ್ದವು. ಅದೇ ವರ್ಷ ಚೀನಾ 24,214 ಮಾದರಿ ತೆಗೆಯಿತು, ಸಿಕ್ಕಿದ್ದು 43. ಜರ್ಮನಿ 15,081ರಲ್ಲಿ 54. ನಮ್ಮಲ್ಲಿ ಶೇ 3.6, ಚೀನಾದಲ್ಲಿ ಶೇ 0.2ಕ್ಕೂ ಕಡಿಮೆ. ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ನಡೆಸುವ ದೇಶಗಳ ಸಾಲಿನಲ್ಲಿ ಭಾರತ ವರ್ಷದಿಂದ ವರ್ಷಕ್ಕೆ ಈ ಪಟ್ಟಿಯ ತಲೆಯಲ್ಲೇ ಕೂತಿದೆ. ಮೊದಲ ಸ್ಥಾನ ಎಂದು ಪಟಾಕಿ ಹೊಡೆಯುವ ಹಾಗಿಲ್ಲ. ಇವರಲ್ಲಿ ಬಹಳಷ್ಟು ಜನ ಅಥ್ಲೆಟಿಕ್ಸ್, ಭಾರ ಎತ್ತುವಿಕೆ, ಕುಸ್ತಿಯವರು. ನಮ್ಮ ಫುಟ್‌ಬಾಲಿನಲ್ಲಿ ದೊಡ್ಡ ಹೆಸರು ಸಿಕ್ಕಿದ್ದು 2017ರಲ್ಲಿ: ರಾಷ್ಟ್ರೀಯ ತಂಡದ ಗೋಲ್‌ಕೀಪರ್ ಸುಬ್ರತಾ ಪಾಲ್. ಮದ್ದು ಟರ್ಬುಟಲಿನ್, ಬಂದದ್ದು ಕೆಮ್ಮಿನ ಸಿರಪ್ಪಿನಿಂದ. ಎರಡು ವರ್ಷದ ನಂತರ ಕ್ರಿಕೆಟ್ಟಿನ ಪೃಥ್ವಿ ಶಾ ಸಿಕ್ಕಿದ್ದೂ ಅದೇ ಟರ್ಬುಟಲಿನ್‌ಗೆ, ಅವನದೂ ಕೆಮ್ಮಿನ ಸಿರಪ್ಪೇ, ಎಂಟು ತಿಂಗಳು ಆಟ ಹೋಯಿತು. ರಾಯಚೂರಿನ ಯಾವ ಮೆಡಿಕಲ್ ಶಾಪಿನಲ್ಲಾದರೂ ‘ಕಫ ಕಟ್ಟ್ಯಾದ, ಒಂದು ಸಿರಪ್ ಕೊಡ್ರಿ’ ಎಂದರೆ ಟರ್ಬುಟಲಿನ್ ಇರುವ ಬಾಟಲಿ ಕೈಗೆ ಬಂದೀತು. ಇಂಥ ಸಿರಪ್ಪುಗಳಲ್ಲಿ ಸಾಮಾನ್ಯವಾಗಿ ಒಂದು ಚಮಚೆಗೆ 1.25 ಮಿಲಿಗ್ರಾಂ ಇರುತ್ತದೆ. ಪಿಕೊಗ್ರಾಮಿನಲ್ಲಿ ಬರೆದರೆ 125 ಕೋಟಿ. ಒಂದನ್ನೇ ಕಾಣುವ ಯಂತ್ರದ ಮುಂದೆ ಇದು ತೇರು ಎಳೆದ ಹಾಗೆ.

ಕನ್ನಡಿಗರಿಗೆ ಈ ವಿಷಯದಲ್ಲಿ ಮರೆಯಲಾಗದ ಹೆಸರು ಅಶ್ವಿನಿ ಅಕ್ಕುಂಜಿ, ಕುಂದಾಪುರ ಕಡೆಯ ಸಿದ್ದಾಪುರದ ಹುಡುಗಿ. 2010ರ ಅಕ್ಟೋಬರ್‌ನಲ್ಲಿ ದೆಹಲಿ ಕಾಮನ್‌ವೆಲ್ತ್ ಕೂಟದ 4x400 ರಿಲೇ ಚಿನ್ನ. ನವೆಂಬರ್‌ನಲ್ಲಿ ಗ್ವಾಂಗ್‌ಝೌ ಏಷ್ಯನ್ ಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ, 56.15 ಸೆಕೆಂಡ್, ಮತ್ತೆ ರಿಲೇ ಚಿನ್ನ. ಎರಡೂ ಕಡೆ ರಿಲೇ ಓಡಿದವರು ಅದೇ ನಾಲ್ವರು. ಮುಂದಿನ ಬೇಸಿಗೆಯಲ್ಲಿ ಆ ನಾಲ್ವರಲ್ಲಿ ಮೂವರು ಸ್ಟೆರಾಯ್ಡ್‌ಗೆ ಸಿಕ್ಕಿದರು, ಅಶ್ವಿನಿ ಒಬ್ಬಳು. ತರಬೇತುದಾರ ಯೂರಿ ಒಗೊರೊಡ್ನಿಕ್ ಚೀನಾದಿಂದ ತಂದ ಜಿನ್ಸೆಂಗ್ ಡಬ್ಬಿಯಿಂದ ಬಂತು ಎಂಬುದು ಅವರ ವಾದ. ಕೋಚನ್ನು ಮನೆಗೆ ಕಳಿಸಿದರು. ಹುಡುಗಿಯರದು ದೊಡ್ಡ ತಪ್ಪಲ್ಲ ಎಂದು ಇಲ್ಲಿನ ಸಮಿತಿ ಒಂದು ವರ್ಷ ನಿಷೇಧಿಸಿತು, 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಎರಡು ವರ್ಷ ಮಾಡಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಜಿನ್ಸೆಂಗ್ ಮಾತು ನಂಬಬೇಕೋ ಬಿಡಬೇಕೋ, ಆದರೆ ಡಬ್ಬಿಗಳ ಬಗ್ಗೆ ಒಂದು ಲೆಕ್ಕವಿದೆ: ಜರ್ಮನಿಯ ಕಲೋನ್ ಪ್ರಯೋಗಾಲಯದವರು 13 ದೇಶಗಳಿಂದ 634 ಪೂರಕ ಆಹಾರದ ಡಬ್ಬಿ ಕೊಂಡು ಪರೀಕ್ಷಿಸಿದಾಗ 94ರಲ್ಲಿ, ಲೇಬಲ್ಲಿನ ಮೇಲೆ ಬರೆಯದ ಹಾರ್ಮೋನು ಸಿಕ್ಕಿತ್ತು. ಏಳು ಡಬ್ಬಿಗೆ ಒಂದು. 2004ರಲ್ಲಿ ಪ್ರಕಟವಾದ ಲೆಕ್ಕ ಇದು, ಇವತ್ತಿಗೆ ಅಂಗಡಿಗಳು ಎಷ್ಟೋ ಪಾಲು ಹೆಚ್ಚಿವೆ.

ರಾಯಚೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ನಸುಕಿಗೆ ಓಡುವ ಹುಡುಗರಲ್ಲಿ ಬಹುಪಾಲು ಒಲಿಂಪಿಕ್ಸ್ ಕನಸಿನವರಲ್ಲ. ಪೊಲೀಸ್ ಕಾನ್‌ಸ್ಟೆಬಲ್ ಭರ್ತಿಗೆ 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು, ಅಷ್ಟೇ. ಆ ಕೊನೆಯ ಹತ್ತು ಸೆಕೆಂಡು ಕಡಿಮೆಯಾಗಲಿ ಎಂದು ಜಿಮ್ಮಿನ ಅಣ್ಣ ಕೊಟ್ಟ ಪುಡಿಯನ್ನು ಶೇಕರಿನಲ್ಲಿ ಅಲ್ಲಾಡಿಸಿ ಕುಡಿಯುತ್ತಾರೆ. ಲೇಬಲ್ಲಿನ ಅಕ್ಷರ ಓದುವಷ್ಟು ದೊಡ್ಡದಿರುವುದಿಲ್ಲ, ಓದಿದರೂ ತಿಳಿಯುವಂಥದ್ದಲ್ಲ. ಯುವೆಂಟಸ್‌ಗೆ ವೈದ್ಯ ಇದ್ದ, ವಕೀಲರಿದ್ದರು. ಇವರಿಗೆ ಅಣ್ಣ ಇದ್ದಾನೆ.

ಹೆದರಿಕೆ ಎಷ್ಟಿದೆ ಎಂಬುದಕ್ಕೆ 2023ರ ಸೆಪ್ಟೆಂಬರ್‌ನ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟ ಸಾಕ್ಷಿ. ಕ್ರೀಡಾಂಗಣದ ಶೌಚಾಲಯದಲ್ಲಿ ಸಿರಿಂಜುಗಳು ಬಿದ್ದಿರುವ ವಿಡಿಯೊ ಹರಿದಾಡಿತು. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕ ನಾಡಾದವರು ಬಂದರು ಎಂಬ ಸುದ್ದಿ ಹಬ್ಬಿದ್ದೇ ತಡ, ಓಟಗಾರರು ಕಾಲಿಗೆ ಬುದ್ಧಿ ಹೇಳಿದರು. ಪುರುಷರ 100 ಮೀಟರ್ ಫೈನಲ್ಲಿಗೆ ಎಂಟು ಜನ ನಿಲ್ಲಬೇಕಿತ್ತು. ನಿಂತವನು ಒಬ್ಬ.

ಹಾಗಾದರೆ ನಿಜವಾದ ಅಂಕಿ ಎಷ್ಟು? ಮೂತ್ರ ಬಿಟ್ಟು ಮಾತಿನಲ್ಲಿ ಹುಡುಕಿದವರೂ ಇದ್ದಾರೆ. 2011ರಲ್ಲಿ ದಕ್ಷಿಣ ಕೊರಿಯಾದ ಡೇಗುವಿನಲ್ಲಿ ವಿಶ್ವ ಅಥ್ಲೆಟಿಕ್ಸ್, ದೋಹಾದಲ್ಲಿ ಅರಬ್ ದೇಶಗಳ ಕೂಟ. ಎರಡೂ ಕಡೆ ಸೇರಿ 2,167 ಕ್ರೀಡಾಪಟುಗಳ ಕೈಗೆ ಒಂದು ಟ್ಯಾಬ್ಲೆಟ್ ಕೊಟ್ಟರು. ಪ್ರಶ್ನೆಯ ಉಪಾಯ ಜಾಣತನದ್ದು. ನಿಮಗೆ ಹತ್ತಿರದ ಒಬ್ಬರ, ಅವ್ವನದೇ ಆಗಲಿ, ಹುಟ್ಟಿದ ತಾರೀಕು ಮನಸ್ಸಿನಲ್ಲಿ ನೆನೆಯಿರಿ. ತಾರೀಕು 1ರಿಂದ 10ರೊಳಗಿದ್ದರೆ ಮೊದಲ ಪ್ರಶ್ನೆಗೆ ಉತ್ತರಿಸಿ: ಅವರು ವರ್ಷದ ಮೊದಲ ಅರ್ಧದಲ್ಲಿ ಹುಟ್ಟಿದವರೇ? ಇಲ್ಲದಿದ್ದರೆ ಎರಡನೆಯದಕ್ಕೆ: ಕಳೆದ 12 ತಿಂಗಳಲ್ಲಿ ಗೊತ್ತಿದ್ದೂ ನಿಷೇಧಿತ ಮದ್ದು ಅಥವಾ ವಿಧಾನ ಬಳಸಿದ್ದೀರಾ? ‘ಹೌದು’ ಎಂದು ಒತ್ತಿದರೆ ಅದು ಅವ್ವನ ಜನ್ಮದಿನದ ಹೌದೋ ಮದ್ದಿನ ಹೌದೋ ಕೇಳಿದವರಿಗೂ ಗೊತ್ತಾಗದು. ಹೇಳಿದವನು ಪೂರಾ ಸುರಕ್ಷಿತ. ಆದರೆ ನೂರು ಜನರಲ್ಲಿ ಮೂವತ್ಮೂರರಷ್ಟು ಮಂದಿ ಮೊದಲ ಪ್ರಶ್ನೆಗೆ ಹೋಗುತ್ತಾರೆ, ಅವರಲ್ಲಿ ಅರ್ಧ ಹೌದು ಎನ್ನುತ್ತಾರೆ, ಅಂದರೆ ಹದಿನಾರು, ಹದಿನೇಳು. ಅದರ ಮೇಲೆ ಬಂದ ಹೌದುಗಳೆಲ್ಲ ಮದ್ದಿನವು. ಎಲ್ಲರೂ ಶುದ್ಧರಾದರೆ ನೂರಕ್ಕೆ ಹದಿನೇಳು ಬರಬೇಕಿದ್ದದ್ದು ಡೇಗುವಿನಲ್ಲಿ ನಲವತ್ತಾರರ ಆಸುಪಾಸಿಗೆ ಬಂದ ಲೆಕ್ಕ ಅದು. ಹೆಚ್ಚಿಗೆ ಬಂದ ಆ ಇಪ್ಪತ್ತೊಂಬತ್ತು ಹೌದುಗಳು ಮದ್ದಿನ ಪ್ರಶ್ನೆಗೆ ಹೋದ ಅರವತ್ತೇಳು ಮಂದಿಯವು, ಹಾಗಾಗಿ ಅಂದಾಜು ಹೀಗೆ ಹೊರಬಿತ್ತು: ಡೇಗುವಿನಲ್ಲಿ ಶೇ 43.6, ಅರಬ್ ಕೂಟದಲ್ಲಿ ಶೇ 57.1.

ಅದೇ ಡೇಗುವಿನಲ್ಲಿ ಮೂತ್ರ ಪರೀಕ್ಷೆಗೆ ಸಿಕ್ಕವರು ಶೇ 0.5. ಅರಬ್ ಕೂಟದಲ್ಲಿ ಶೇ 3.6. ಭಾರತದ್ದೂ 3.6 ಎಂಬುದು ಕಾಕತಾಳೀಯ, ಅದರ ಮೇಲೆ ಏನನ್ನೂ ಕಟ್ಟಬಾರದು. ಆದರೂ ಪಕ್ಕದ ಅಂಕಿ 57 ಎಂದು ಓದಿದ ಮೇಲೆ ಅದನ್ನು ತಲೆಯಿಂದ ತೆಗೆಯುವುದು ಕಷ್ಟ.

ಈ ಅಧ್ಯಯನ ಮುಗಿದದ್ದು 2011ರಲ್ಲಿ, ಪ್ರಕಟವಾದದ್ದು 2017ರಲ್ಲಿ. ನಡುವಿನ ಆರು ವರ್ಷ ಸಂಶೋಧಕರು, ವಾಡಾ, ವಿಶ್ವ ಅಥ್ಲೆಟಿಕ್ಸ್ ಮಂಡಳಿಯ ನಡುವೆ ಹಗ್ಗಜಗ್ಗಾಟದಲ್ಲಿ ಹೋಯಿತು. ಫುಟ್‌ಬಾಲಿನಲ್ಲೂ ಇದನ್ನು ಮಾಡಬಹುದು, ದುಡ್ಡಿನ ನೆಪ ಹೇಳುವ ಹಾಗಿಲ್ಲ. 2026ರ ವಿಶ್ವಕಪ್ಪಿನ ಅಳತೆಯಲ್ಲೇ ಹೇಳುವುದಾದರೆ 48 ತಂಡ, ತಂಡಕ್ಕೆ ಗರಿಷ್ಠ 26 ಜನ, ಒಟ್ಟು 1,248 ಆಟಗಾರರು. 90 ಮಿಲಿಲೀಟರ್ ಬೇಡ, ಬೀಗದ ಬಾಟಲಿ ಬೇಡ, ವಿಮಾನದಲ್ಲಿ ಪ್ರಯೋಗಾಲಯಕ್ಕೆ ಕಳಿಸುವುದೂ ಬೇಡ. ತಂಡಕ್ಕೊಂದು ಟ್ಯಾಬ್ಲೆಟ್, ಒಬ್ಬೊಬ್ಬನಿಗೆ ಐದು ನಿಮಿಷ, ಎರಡು ಪ್ರಶ್ನೆ, ಬಂದ ಅಂಕಿಯನ್ನು ಆರು ವರ್ಷ ಮುಚ್ಚಿಡದೆ ಮಾರನೇ ದಿನವೇ ಪ್ರಕಟಿಸುತ್ತೇವೆ ಎಂಬ ಒಂದು ಲಿಖಿತ ಒಪ್ಪಿಗೆ.